ಬಾಚಿದಷ್ಟೂ ಎದ್ದು ನಿಲ್ಲುವ ಕೂದಲಿಗೆ ಮನೆಯಲ್ಲೇ ಕಂಡೀಷನರ್

ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಒಣಹವೆಯಲ್ಲಿ, ಅದರಲ್ಲೂ ಬೀದರ್, ಕಲಬುರಗಿ ಕಡೆ, ಬಾಚಣಿಗೆ ಎತ್ತಿದರೆ ಕೂದಲೂ ಜೊತೆಗೇ ಏಳುತ್ತದೆ. ಪ್ಲಾಸ್ಟಿಕ್ ಬಾಚಣಿಗೆ ಉಜ್ಜಿದಾಗ ಕೂದಲಿನ ಎಲೆಕ್ಟ್ರಾನ್‌ಗಳು ಅದಕ್ಕೆ ಹೋಗುತ್ತವೆ. ಎಳೆಗಳೆಲ್ಲ ಧನಾವೇಶ ಪಡೆದು ಒಂದನ್ನೊಂದು ದೂಡುತ್ತವೆ. ಗಾಳಿಯಲ್ಲಿ ತೇವವಿದ್ದರೆ ಆವೇಶ ಬೇಗ ಸೋರಿಹೋಗುತ್ತದೆ.

ವಿಚಿತ್ರವೆಂದರೆ ಇದಕ್ಕೆ ಮದ್ದಾಗಿ ಕಂಡೀಷನರ್‌ಗೆ ಹಾಕುವುದೂ ಧನಾವೇಶದ ಪದಾರ್ಥವೇ: ಬೆಹೆಂಟ್ರಿಮೋನಿಯಂ, ಸೆಟ್ರಿಮೋನಿಯಂ ಜಾತಿಯದು. ಕೂದಲಿನ ಋಣಾವೇಶಕ್ಕೆ ಇದರ ಧನಾವೇಶ ಸೇರಿ ಸೊನ್ನೆಯಾಗುತ್ತದೆ ಎಂಬ ವಿವರಣೆ ಅರ್ಧ ಮಾತ್ರ ಸರಿ. ನೀರಲ್ಲಿ ನೆನೆದ ಕೂದಲಿನ ಮೇಲ್ಮೈ, ಪಿಎಚ್ (ಆಮ್ಲೀಯತೆಯ ಅಳತೆ) ಸುಮಾರು 3.7 ದಾಟಿದರೆ, ಋಣಾವೇಶದ್ದು. ಹಾಗಾಗಿ ಈ ಪದಾರ್ಥ ಅಂಟಿಕೊಳ್ಳುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಬ್ಲೀಚ್ ಮಾಡಿದ ಕೂದಲಿಗೆ ಇನ್ನೂ ಹೆಚ್ಚು ಅಂಟುತ್ತದೆ. ಒಣಗಿದ ಮೇಲೆ ಅದರ ಕೆಲಸ ಬೇರೆ: ಬಾಚಣಿಗೆ ಜಾರುವಂತೆ ಮಾಡಿ ಆವೇಶ ಹುಟ್ಟುವುದನ್ನು ತಗ್ಗಿಸುತ್ತದೆ, ಹುಟ್ಟಿದ್ದು ಹರಿದುಹೋಗಲು ದಾರಿ ಕೊಡುತ್ತದೆ.

100 ಗ್ರಾಂಗೆ ಬೇಕಾದದ್ದು: ಶುದ್ಧೀಕರಿಸಿದ ನೀರು 90 ಗ್ರಾಂ, ಬಿಟಿಎಂಎಸ್-25 (ಬೆಹೆಂಟ್ರಿಮೋನಿಯಂ ಇರುವ ಮೇಣದಂಥ ಪದಾರ್ಥ) 5 ಗ್ರಾಂ, ಸೆಟಿಲ್ ಆಲ್ಕೋಹಾಲ್ (ಇದೂ ಮೇಣದಂಥದು) 2 ಗ್ರಾಂ, ಗ್ಲಿಸರಿನ್ 2 ಗ್ರಾಂ, ಫಿನಾಕ್ಸಿಎಥನಾಲ್ ಇರುವ ಸಂರಕ್ಷಕ 1 ಗ್ರಾಂ. ಚಮಚದ ಲೆಕ್ಕ ಬೇಡ, 0.1 ಗ್ರಾಂ ತೋರಿಸುವ ತಕ್ಕಡಿ ಇರಲಿ. ಬಿಟಿಎಂಎಸ್-25ರಲ್ಲಿ ಅಸಲಿ ಕೆಲಸಗಾರ ಬೆಹೆಂಟ್ರಿಮೋನಿಯಂ ಕಾಲು ಭಾಗ ಮಾತ್ರ, ಉಳಿದದ್ದು ಮೇಣದಂಥ ಆಲ್ಕೋಹಾಲ್. ಬಿಟಿಎಂಎಸ್ ಕಣ್ಣಿಗೆ ತಾಗಬಾರದು, ಕೈಗವಸು ಹಾಕಿಕೊಳ್ಳಿ.

ಒಂದು ಗಾಜಿನ ಪಾತ್ರೆಯಲ್ಲಿ ನೀರು ಮತ್ತು ಗ್ಲಿಸರಿನ್, ಇನ್ನೊಂದರಲ್ಲಿ ಬಿಟಿಎಂಎಸ್ ಮತ್ತು ಸೆಟಿಲ್ ಆಲ್ಕೋಹಾಲ್ ಇಟ್ಟು, ಎರಡನ್ನೂ ಕುದಿಯುವ ನೀರಿನ ಪಾತ್ರೆಯೊಳಗೆ 75 ಡಿಗ್ರಿಗೆ ತನ್ನಿ. ಕೊನೆಯ ಬಿಳಿ ಚೂರೂ ಕರಗಿದ ಮೇಲೆ ನೀರನ್ನು ಮೇಣದ ಮಿಶ್ರಣಕ್ಕೆ ಸುರಿದು ಎರಡು ನಿಮಿಷ ಕಡೆಯಿರಿ. ಒಂದು ತಣ್ಣಗಿದ್ದು ಇನ್ನೊಂದು ಬಿಸಿಯಿದ್ದರೆ ರವೆಯಂತೆ ಗಂಟುಗಟ್ಟುತ್ತದೆ. ಮತ್ತೆ 75 ಡಿಗ್ರಿಗೆ ಬಿಸಿಮಾಡಿ ಕಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ 40 ಡಿಗ್ರಿಗೆ ಇಳಿಯುವ ತನಕ ನಿಧಾನಕ್ಕೆ ಕಲಕಿ, ಸಂರಕ್ಷಕ ಸೇರಿಸಿ, ಸಿಟ್ರಿಕ್ ಆಮ್ಲದ ದ್ರಾವಣ ಹನಿಹನಿಯಾಗಿ ಬಿಟ್ಟು ಪಿಎಚ್ 4.5ರ ಆಸುಪಾಸಿಗೆ ತನ್ನಿ. ಆಗ ತೆಳ್ಳಗೆ ಕಂಡರೆ ಗಾಬರಿಯಾಗಿ ಮೇಣ ಸೇರಿಸಬೇಡಿ. ಒಂದು ದಿನ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಸಂರಕ್ಷಕ ಹಾಕದಿದ್ದರೆ ಮಾತ್ರ ಬೂಸ್ಟು ಖಚಿತ.

ಇದನ್ನು ಶಾಂಪೂ ಬಾಟಲಿಗೆ ಬೆರೆಸುವ ಉಪಾಯ ಫಲಿಸದು. ಶಾಂಪೂವಿನ ನೊರೆಕಾರಕ ಋಣಾವೇಶದ್ದು. ಎರಡೂ ಜೊತೆಯಾಗಿ ಮೊಸರೊಡೆದಂತಾಗಿ ಕೂದಲಿಗೆ ಏನೂ ಉಳಿಯುವುದಿಲ್ಲ. ‘ಟೂ ಇನ್ ಒನ್’ ಶಾಂಪೂಗಳಲ್ಲಿ ಅದಕ್ಕೇ ಪಾಲಿಕ್ವಾಟರ್ನಿಯಂ-10ರಂಥ ಉದ್ದ ಸರಪಣಿಯ ಪದಾರ್ಥ ಇರುತ್ತದೆ: ತೊಳೆಯುವಾಗ ನೀರು ಹೆಚ್ಚಾದಂತೆ ಅದು ಬೇರ್ಪಟ್ಟು ಕೂದಲ ಮೇಲೆ ಕೂರುತ್ತದೆ.

ಶಾಂಪೂ ಪೂರ್ತಿ ಹೋಗುವಂತೆ ತೊಳೆದು, ನೀರು ಹಿಂಡಿ, ನೆತ್ತಿ ಬಿಟ್ಟು ಕಿವಿಯಿಂದ ಕೆಳಗೆ ಹಚ್ಚಿ. ಎರಡು-ಮೂರು ನಿಮಿಷ ಸಾಕು. ನೆತ್ತಿಗೂ ಬಳಿದರೆ ಕೂದಲು ಎಣ್ಣೆ ಹಚ್ಚಿದಂತೆ ಚಪ್ಪಟೆಯಾಗುತ್ತದೆ. ಒಣಗಿದ ಮೇಲೆ ಪ್ಲಾಸ್ಟಿಕ್ ಬಾಚಣಿಗೆಯಿಂದ ಹತ್ತು ಸಲ ಬಾಚಿ ಅದನ್ನು ಸಣ್ಣ ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಇನ್ನೂ ಹಾರಿ ಅಂಟಿದರೆ ಮುಂದಿನ ಸಲ ಬಿಟಿಎಂಎಸ್ 6 ಗ್ರಾಂ, ನೀರು 89 ಗ್ರಾಂ ಮಾಡಿ.