ಮಿಣುಕುತ್ತಿದ್ದ ಎಲ್‌ಇಡಿ ಪಟ್ಟಿ ಸರಿಹೋದದ್ದು ಹೀಗೆ

ಗಂಗಾವತಿಯಲ್ಲಿ ನಮ್ಮ ಓಣಿಯ ಗಣಪತಿ ಮಂಟಪಕ್ಕೆ 60 ದೀಪಗಳ ಡಬ್ಲ್ಯೂಎಸ್2812ಬಿ ಪಟ್ಟಿ (ಒಂದೊಂದು ದೀಪದ ಬಣ್ಣವನ್ನೂ ಬೇರೆಬೇರೆಯಾಗಿ ಹೇಳಬಹುದಾದ ಎಲ್‌ಇಡಿ ಪಟ್ಟಿ) ಹಾಕಿದ್ದೆ. ಅದನ್ನು ನಡೆಸಲು ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಜೋಡಿಸಿ ಆನ್ ಮಾಡಿದರೆ, ಹಸಿರು ಬರಬೇಕಾದ ಮೊದಲ ದೀಪವೇ ಬಿಳಿ. ಉಳಿದವು ಮನಬಂದಂತೆ ಮಿಣುಕುತ್ತಿದ್ದವು. ಎರಡು ರಾತ್ರಿ ಸುಮ್ನೆ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲೇ ಇಲ್ಲ.

5 ವೋಲ್ಟ್‌ನಲ್ಲಿ ಓಡುವ ಈ ಪಟ್ಟಿಗೆ ಡೇಟಾ ತಂತಿಯಲ್ಲಿ 3.5 ವೋಲ್ಟ್ ಆದರೂ ಬೇಕು. ಆಗಲೇ ಅದು 'ಹೈ' (ಸಿಗ್ನಲ್‌ನ ಮೇಲಿನ ಮಟ್ಟ) ಎಂದು ಖಾತ್ರಿಯಾಗಿ ಓದುವುದು. ಇಎಸ್‌ಪಿ32 ಕೊಡುವುದು 3.3. ಒಮ್ಮೊಮ್ಮೆ ನಡೆಯುತ್ತದೆ, ಒಮ್ಮೊಮ್ಮೆ ಇಲ್ಲ.

ಮನೆಯಲ್ಲಿದ್ದ ಬಿಎಸ್‌ಎಸ್138 ಲೆವೆಲ್ ಕನ್ವರ್ಟರ್ (3.3 ವೋಲ್ಟ್ ಸಿಗ್ನಲ್ಲನ್ನು 5ಕ್ಕೆ ಏರಿಸುವ ಪುಟ್ಟ ಬೋರ್ಡ್) ಹಾಕಿದೆ. ಮಿಣುಕು ಇನ್ನೂ ಜಾಸ್ತಿಯಾಯಿತು! ಅದರಲ್ಲಿ ಸಿಗ್ನಲ್ ಮೇಲೇರುವುದು 10 ಕಿಲೋಓಮ್ ಪುಲ್‌ಅಪ್‌ನಿಂದ (ತಂತಿಯನ್ನು ಮೇಲಿನ ವೋಲ್ಟ್ ಕಡೆ ಎಳೆಯುವ ರೆಸಿಸ್ಟರ್), ನಿಧಾನವಾಗಿ. ನಿಧಾನವಾಗಿ ಮಾತಾಡುವ ಐ2ಸಿ (ಎರಡು ತಂತಿಯ ಸಂಪರ್ಕ) ಸೆನ್ಸರ್‌ಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಇಲ್ಲಿ 'ಸೊನ್ನೆ' ಬಿಟ್‌ನ ಪಲ್ಸ್ ಸುಮಾರು 0.4 ಮೈಕ್ರೋಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಅದು ಸರಿಯಾಗಿ ಏರುವುದೇ ಕಷ್ಟ.

ಕೊನೆಗೆ 74ಎಎಚ್‌ಸಿಟಿ125 ತರಿಸಿದೆ, ಸಿಗ್ನಲ್ಲನ್ನು ಬೇಗನೆ 5 ವೋಲ್ಟ್‌ಗೆ ಏರಿಸಿ ಕಳಿಸುವ ಬಫರ್ ಚಿಪ್ ಅದು. ಕೊಳ್ಳುವಾಗ ಆ 'ಟಿ' ಅಕ್ಷರ ನೋಡಿ. ಅದಿದ್ದರೆ 2 ವೋಲ್ಟ್ ಬಂದರೂ ಹೈ ಎಂದು ಒಪ್ಪುತ್ತದೆ. ಬರೀ ಎಚ್‌ಸಿ ಆದರೆ ಮತ್ತೆ ಅದೇ 3.5ರ ಗೋಳು. 14ನೇ ಪಿನ್‌ಗೆ 5 ವೋಲ್ಟ್, 7ಕ್ಕೆ ಗ್ರೌಂಡ್. 1ನೇ ಪಿನ್ ಕೂಡ ಗ್ರೌಂಡ್‌ಗೆ ಹೋಗಬೇಕು, ಇಲ್ಲದಿದ್ದರೆ ಗೇಟ್ (ಚಿಪ್‌ನೊಳಗೆ ಸಿಗ್ನಲ್ ದಾಟುವ ದಾರಿ) ತೆರೆಯುವುದಿಲ್ಲ. 2ರಲ್ಲಿ ಸಿಗ್ನಲ್ ಒಳಗೆ, 3ರಿಂದ ಹೊರಗೆ. ಬಳಸದ ಇನ್‌ಪುಟ್‌ಗಳನ್ನೂ ಗ್ರೌಂಡ್‌ಗೆ ಕಟ್ಟಿದೆ. ಪಟ್ಟಿ, ಚಿಪ್, ಬೋರ್ಡ್ ಮೂರಕ್ಕೂ ಗ್ರೌಂಡ್ ಒಂದೇ ಇರಬೇಕು, ಅಲ್ವಾ?

ಮೊದಲ ದೀಪ ಹಸಿರಾಗಿ ಹತ್ತಿತು. ಐದು ಸಂಜೆಯೂ ಒಂದೂ ಮಿಣುಕಲಿಲ್ಲ.