ಪೆಂಫಿಗಸ್ ನಾಯಿಗೆ ಸ್ಟಿರಾಯ್ಡ್: ಕೊಡುವುದು ಸುಲಭ, ಇಳಿಸುವುದು ಕಷ್ಟ

ಮೂಗಿನ ದಿಂಡು, ಕಣ್ಣಿನ ಸುತ್ತ, ಕಿವಿ, ಎರಡೂ ಬದಿಗೆ ಒಂದೇ ಥರ ಹಳದಿ ಹಕ್ಕಳೆ. ಅಂಗಾಲಲ್ಲಿ ಬಿರುಕು, ಅದರೊಳಗೆ ಎರೆಮಣ್ಣು. ಹುಬ್ಬಳ್ಳಿ-ಧಾರವಾಡದ ಇಂಥ ನಾಯಿ ನನ್ನ ಟೇಬಲ್ಲಿಗೆ ಬರುವಷ್ಟರಲ್ಲಿ ಕಜ್ಜಿಯ ಸೂಜಿ, ಆಂಟಿಬಯಾಟಿಕ್ ಎರಡೂ ಮುಗಿದಿರುತ್ತವೆ. ಆದರೂ ಮೊದಲ ದಿನವೇ ಪೆಂಫಿಗಸ್ ಫೋಲಿಯೇಶಿಯಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬೀಳುವ ರೋಗ, ಎಂದು ಬರೆಯುವುದಿಲ್ಲ.

ಹಕ್ಕಳೆಯ ಅಂಚು ಎತ್ತಿ, ಅಡಿಯ ಕೀವಿಗೆ ಸ್ಲೈಡ್ ಒತ್ತಿ ಬಣ್ಣ ಹಾಕುತ್ತೇನೆ. ಕೆಡದ ನ್ಯೂಟ್ರೊಫಿಲ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ನಡುವೆ ದುಂಡನೆಯ ಕಡುನೀಲಿ ಚರ್ಮಕೋಶಗಳು ಬಿಡಿಬಿಡಿಯಾಗಿ ಕಂಡರೆ ಅನುಮಾನ ಬಲವಾಗುತ್ತದೆ. ಕೋಶಗಳ ನಡುವಿನ ಬೆಸುಗೆಯನ್ನು ದೇಹದ ಪ್ರತಿಕಾಯಗಳೇ ಬಿಡಿಸಿರುತ್ತವೆ. ಟ್ರೈಕೊಫೈಟಾನ್ ಶಿಲೀಂಧ್ರವೂ ಇದೇ ಚಿತ್ರ ತೋರಿಸಬಲ್ಲದು, ಹಾಗಾಗಿ ಫಂಗಲ್ ಕಲ್ಚರ್ ಬಿಡುವಂತಿಲ್ಲ. ಡೆಮೊಡೆಕ್ಸ್ ಎಂಬ ಚರ್ಮದ ನುಸಿಗೆ ಆಳವಾಗಿ ಕೆರೆದು ನೋಡುತ್ತೇನೆ. ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆಯೂ ಆಗಬೇಕು. ಒಳಗೆ ಆ ಜ್ವರದ ರೋಗಾಣು ಎರ್ಲಿಕಿಯಾ ಇಟ್ಟುಕೊಂಡ ನಾಯಿಯ ರೋಗನಿರೋಧಕ ಶಕ್ತಿ ತಗ್ಗಿಸಿದರೆ ಅದು ಕೈಮೀರುತ್ತದೆ.

ಬಯಾಪ್ಸಿ (ಪರೀಕ್ಷೆಗೆ ತೆಗೆವ ಚರ್ಮದ ತುಣುಕು) ಕೆಡುವುದು ಹೆಚ್ಚಾಗಿ ನಮ್ಮ ಶುಚಿತ್ವದ ಚಟದಿಂದ. ಕೂದಲನ್ನು ಕತ್ತರಿಯಿಂದ ಮೆಲ್ಲಗೆ ಕತ್ತರಿಸಿದರೆ ಸಾಕು, ಸ್ಪಿರಿಟ್ ಬೇಡ, ಉಜ್ಜುವುದೂ ಬೇಡ. ಒಡೆಯದ ಗುಳ್ಳೆ ಕೆಲವೇ ಗಂಟೆ ಇರುತ್ತದೆ, ಸಿಗದಿದ್ದರೆ ಹಕ್ಕಳೆ ಸಮೇತ 8 ಮಿ.ಮೀ. ಪಂಚ್ ತೆಗೆದು, ತುಣುಕಿನ ಹತ್ತು ಪಟ್ಟು 10% ಫಾರ್ಮಲಿನ್‌ಗೆ ಹಾಕುತ್ತೇನೆ. ಹಕ್ಕಳೆ ಸೀಸೆಯಲ್ಲಿ ಕಳಚಿಕೊಂಡರೆ ಅದನ್ನೂ ಕತ್ತರಿಸಿ ನೋಡಿರೆಂದು ಲ್ಯಾಬಿಗೆ ಚೀಟಿ ಬರೆಯುತ್ತೇನೆ. ಎಷ್ಟೋ ಸಲ ಉತ್ತರ ಅದರಲ್ಲೇ ಇರುತ್ತದೆ.

ರೋಗ ಖಚಿತವಾದ ಮೇಲೆ, 25 ಕೆ.ಜಿ. ನಾಯಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 50 ಮಿ.ಗ್ರಾಂ., ಅಂದರೆ ಕೆ.ಜಿ.ಗೆ 2, ಬೆಳಿಗ್ಗೆ ಊಟದ ಜೊತೆ. ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ 50 ಮಿ.ಗ್ರಾಂ. ಒಂದು ಗುಳಿಗೆ. ಈ ಗುಳಿಗೆ ಪರಿಣಾಮ ತೋರಿಸಲು ನಾಲ್ಕಾರು ವಾರ ಬೇಕು. ಮೊದಲ ಎರಡು ತಿಂಗಳು ಎರಡು ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ. ಅಜಾಥಯೋಪ್ರಿನ್ ಗುಳಿಗೆ ಮುರಿಯಬಾರದು, ಬರಿಗೈಲಿ ಮುಟ್ಟಬಾರದು. ಮನೆಯ ಬೆಕ್ಕಿಗಂತೂ ಇದು ವಿಷ. ನಾಯಿ ಕುಂಟಿತೆಂದು ಸ್ಟಿರಾಯ್ಡ್ ಜೊತೆ ನೋವಿನ ಔಷಧ ಮೆಲಾಕ್ಸಿಕ್ಯಾಮ್ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬೀಳಬಹುದು.

“ಹಕ್ಕಳಿ ಉದುರಿದ್ವು ಡಾಕ್ಟ್ರೇ, ಗುಳಗಿ ಬಿಟ್ಬಿಟ್ವಿ ರೀ.” ಕೆಡುವುದೇ ಇಲ್ಲಿ. ಸ್ಟಿರಾಯ್ಡ್‌ನಿಂದ ನಾಯಿ ನೀರು ವಿಪರೀತ ಕುಡಿದು ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ, ಮಾಲೀಕರಿಗೂ ಸಾಕಾಗಿರುತ್ತದೆ. ಅದನ್ನು ಮೊದಲೇ ಹೇಳಿಡುತ್ತೇನೆ. ಹೊಸ ಗುಳ್ಳೆ ನಿಂತು ಎರಡು ವಾರವಾದ ಮೇಲೆಯೇ ಪ್ರೆಡ್ನಿಸೊಲೋನ್ 50 ಮಿ.ಗ್ರಾಂ.ನಿಂದ 40, ಆಮೇಲೆ 30, 25, 20. ಪ್ರತಿ ಮೆಟ್ಟಿಲಿಗೆ ಎರಡರಿಂದ ನಾಲ್ಕು ವಾರ, ಗೋಡೆ ಕ್ಯಾಲೆಂಡರಿನಲ್ಲಿ ಬರೆದುಕೊಟ್ಟು. ಗುಳ್ಳೆ ಮರಳಿದರೆ ಮೊದಲು ಸ್ಲೈಡ್: ನ್ಯೂಟ್ರೊಫಿಲ್ ಒಳಗೆ ದುಂಡಾಣು ಕಂಡರೆ ಅದು ಸೋಂಕು, ಅಲ್ಲಿ ಸ್ಟಿರಾಯ್ಡ್ ಏರಿಸಬಾರದು. ದುಂಡಾಣು ಇಲ್ಲದೆ ಬಿಡಿಕೋಶಗಳೇ ಇದ್ದರೆ ಹಿಂದಿನ ಮೆಟ್ಟಿಲಿಗೆ. ಮಾರ್ಚ್‌ನಿಂದ ಮೇವರೆಗೆ ಗದಗ ಕಡೆಯ ನಾಯಿಗಳಿಗೆ ಹೊತ್ತೇರುವ ಮುಂಚೆ, ಹೊತ್ತು ಮುಳುಗಿದ ಮೇಲೆ ಮಾತ್ರ ವಾಕಿಂಗ್; ಬಿಸಿಲಿಗೆ ಮೂಗಿನ ಗಾಯ ಮತ್ತೆ ಕೆರಳುತ್ತದೆ.