ಸ್ಮೋಕ್ ಅಲಾರ್ಮ್‌ಗಳ ಜೋಡಣೆಯಲ್ಲಿ ಮೂರನೆಯ ತಂತಿ

ಪರಸ್ಪರ ಜೋಡಿಸಿದ ಸ್ಮೋಕ್ ಅಲಾರ್ಮ್‌ಗಳಲ್ಲಿ ಒಂದಕ್ಕೆ ಹೊಗೆ ತಗುಲಿದರೆ ಮನೆಯ ಎಲ್ಲ ಅಲಾರ್ಮ್‌ಗಳೂ ಕೂಗುತ್ತವೆ. ಕೆಳಗಿನ ಹಜಾರದಲ್ಲಿ ಬೆಂಕಿ ಹೊತ್ತಿಕೊಂಡರೂ, ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದವರಿಗೆ ಎಚ್ಚರವಾಗುವುದು ಈ ಜೋಡಣೆಯಿಂದಲೇ. ವೈರಿಂಗ್ ಕೆಲಸ ಗೊತ್ತಿಲ್ಲದವರು ಇದನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಬೇಕು. ಆಗಲೂ ಕೆಲಸದ ಕ್ರಮವನ್ನು ಮನೆಯವರು ತಿಳಿದಿರುವುದು ಒಳ್ಳೆಯದು.

ಪ್ರತಿ ಮಲಗುವ ಕೋಣೆಯೊಳಗೆ, ಅವುಗಳ ಹೊರಗಿನ ಹಾದಿಯಲ್ಲಿ ಮತ್ತು ಪ್ರತಿ ಅಂತಸ್ತಿನಲ್ಲಿ ಅಲಾರ್ಮ್ ಇರಬೇಕು. ಒಲೆಯಿಂದ ಸುಮಾರು 3 ಮೀಟರ್, ಫ್ಯಾನಿನ ರೆಕ್ಕೆಯ ತುದಿಯಿಂದ ಸುಮಾರು 1 ಮೀಟರ್ ದೂರವಿರಲಿ. ಒಂದೇ ತಯಾರಕರ, ಒಂದಕ್ಕೊಂದು ಹೊಂದುವ ಮಾದರಿಗಳನ್ನೇ ಕೊಳ್ಳಿ.

ಅಲಾರ್ಮ್‌ಗಳ ಸರ್ಕ್ಯೂಟ್‌ಗೆ ಕರೆಂಟ್ ಕಡಿಯುವ ಎಂಸಿಬಿ (ಬ್ರೇಕರ್ ಸ್ವಿಚ್) ಇಳಿಸಿ, ಯಾರೂ ಮತ್ತೆ ಏರಿಸದಂತೆ ಬೀಗ ಹಾಕಿ ಅಥವಾ ಟೇಪ್ ಸುತ್ತಿ ಚೀಟಿ ಅಂಟಿಸಿ. ಬಳಿಕ ವೋಲ್ಟೇಜ್ ಅಳೆಯುವ ಮೀಟರನ್ನು ಮೊದಲು ಕರೆಂಟ್ ಇರುವ ಒಂದು ಸಾಕೆಟ್‌ನಲ್ಲಿ, ಆಮೇಲೆ ಕೆಲಸ ಮಾಡಬೇಕಾದ ತಂತಿಗಳಲ್ಲಿ, ಕೊನೆಗೆ ಪುನಃ ಅದೇ ಸಾಕೆಟ್‌ನಲ್ಲಿ ಇಟ್ಟು ನೋಡಿ. ಮೀಟರೇ ಕೆಟ್ಟಿದ್ದರೆ ಕರೆಂಟ್ ಇರುವ ತಂತಿಯೂ ಸತ್ತಂತೆ ಕಾಣುತ್ತದೆ.

ಫೇಸ್ ಮತ್ತು ನ್ಯೂಟ್ರಲ್ ಎಲ್ಲರಿಗೂ ಪರಿಚಿತ. ಎಡವುವುದು ಹೆಚ್ಚಾಗಿ ಮೂರನೆಯದರಲ್ಲಿ. ಅಲಾರ್ಮ್‌ನಿಂದ ಅಲಾರ್ಮ್‌ಗೆ ಸಾಗುವ ಈ ಸಿಗ್ನಲ್ ತಂತಿಯಲ್ಲಿ ಅನೇಕ ಮಾದರಿಗಳಲ್ಲಿ ಹೊಗೆ ಬಂದಾಗ ಸುಮಾರು 9 ವೋಲ್ಟ್ ಡಿಸಿ ಮಾತ್ರ ಇರುತ್ತದೆ. ಅದಕ್ಕೆ ತಪ್ಪಿ ಫೇಸ್ ತಗುಲಿಸಿದರೆ ಅಲಾರ್ಮ್‌ಗಳು ಸುಟ್ಟುಹೋಗಬಹುದು. ಆದ್ದರಿಂದ ಪ್ರತಿ ಬಾಕ್ಸ್‌ನಲ್ಲೂ ಆ ತಂತಿಯ ಎರಡೂ ತುದಿಗೆ ಒಂದೇ ಬಣ್ಣದ ಸ್ಲೀವ್ (ಕೊಳವೆಯಂಥ ಹೊದಿಕೆ) ತೊಡಿಸಿ ಗುರುತು ಮಾಡಿ. ಈ ಸಿಗ್ನಲ್ ನ್ಯೂಟ್ರಲ್ ಅನ್ನು ಆಧರಿಸಿ ಕೆಲಸ ಮಾಡುವುದರಿಂದ ಎಲ್ಲ ಅಲಾರ್ಮ್‌ಗಳನ್ನೂ ಒಂದೇ ಸರ್ಕ್ಯೂಟ್‌ನಲ್ಲಿ, ನಡುವೆ ಯಾವ ಸ್ವಿಚ್ಚೂ ಇಲ್ಲದಂತೆ ಜೋಡಿಸಬೇಕು. ಅಲಾರ್ಮ್‌ಗೆ ಅರ್ಥ್ ಬೇಡದಿದ್ದರೂ ಆ ತಂತಿಯನ್ನು ಕತ್ತರಿಸಿ ಬಿಡದೆ, ಬಾಕ್ಸ್‌ನೊಳಗೆ ಕನೆಕ್ಟರ್ ಹಾಕಿ ಮುಂದಕ್ಕೆ ಒಯ್ಯಿರಿ. ಸ್ಕ್ರೂ ಬಿಗಿಸಿದ ಮೇಲೆ ಪ್ರತಿ ತಂತಿಯನ್ನೂ ಮೆಲ್ಲಗೆ ಜಗ್ಗಿ ನೋಡಿ. ಟರ್ಮಿನಲ್‌ನ ಹೊರಗೆ ಬೋಳು ತಾಮ್ರ ಇಣುಕಿದರೆ ಬಿಚ್ಚಿ, ಕತ್ತರಿಸಿ, ಮತ್ತೆ ಹಾಕಿ.

ಕರೆಂಟ್ ಹೋದಾಗ ಅಲಾರ್ಮ್ ನಡೆಸುವ ಬ್ಯಾಟರಿ ಕೂರಿಸಿ ಎಂಸಿಬಿ ಏರಿಸಿದ ನಂತರ, ಒಂದರ ಟೆಸ್ಟ್ ಗುಂಡಿ ಒತ್ತಿದಾಗ ಉಳಿದೆಲ್ಲವೂ ಕೂಗಬೇಕು. ಹೀಗೆ ಪ್ರತಿಯೊಂದರಿಂದಲೂ ಒತ್ತಿ ನೋಡದೆ ಕೆಲಸ ಮುಗಿಯಿತೆನ್ನಬೇಡಿ, ಏಕೆಂದರೆ ಸಿಗ್ನಲ್ ತಂತಿ ಸರಿಯಾಗಿ ಕೂರದ ಅಲಾರ್ಮ್ ಕೂಡ ತನ್ನ ಗುಂಡಿ ಒತ್ತಿದಾಗ ತಾನೊಂದೇ ಚೆನ್ನಾಗಿ ಕೂಗುತ್ತದೆ. ಎಂಸಿಬಿ ಇಳಿಸಿ, ಬ್ಯಾಟರಿಯ ಮೇಲೂ ಇದೇ ಪರೀಕ್ಷೆಯನ್ನು ಮಾಡಿ. ಅನಂತರ ತಿಂಗಳಿಗೊಮ್ಮೆ ಗುಂಡಿ ಒತ್ತುತ್ತಿರಿ, ಹಿಂಬದಿಯಲ್ಲಿ ಮುದ್ರಿಸಿದ ತಯಾರಿಕೆಯ ದಿನಾಂಕದಿಂದ 10 ವರ್ಷವಾದೊಡನೆ ಬದಲಾಯಿಸಿ. ಹೊಸ ಮಾದರಿ ಹಳೆಯವುಗಳ ಸಿಗ್ನಲ್ ಅರಿಯದಿರಬಹುದಾದ್ದರಿಂದ, ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವುದು ಮೇಲು.